ಉತ್ತರಕ್ಕೆ ವಾಲಿದ ಮನೆ

ನನ್ನ ಮಗಳು ಮೇದಿನಿ ಸೇನೆಯ ತರಬೇತಿಗೆಂದು ಉತ್ತರಕ್ಕೆ ಹೋದ ಮೂರನೆಯ ದಿನಕ್ಕೆ ನಮ್ಮ ಮನೆ ಉತ್ತರಕ್ಕೆ ಒಂದು ಗೇಣು ವಾಲಿತು. ಎರಡು ಬೆರಳು ವಾಲಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮನೆಯವರಲ್ಲೊಬ್ಬರು ಊರು ಬಿಟ್ಟರೆ ಅವರು ಹೋದ ದಿಕ್ಕಿಗೆ ಮನೆ ಅಷ್ಟಿಷ್ಟು ವಾಲುವುದು ನಮ್ಮ ಊರಿನಲ್ಲಿ ಇದ್ದದ್ದೇ. ಮಗಳನ್ನು ಮದುವೆ ಮಾಡಿ ಕಳಿಸಿದ ಮನೆ ಎರಡು ಬೆರಳು ವಾಲುತ್ತದೆ, ಮಗನನ್ನು ಹಾಸ್ಟೆಲಿಗೆ ಬಿಟ್ಟು ಬಂದ ಮನೆ ಒಂದೂವರೆ ಬೆರಳು. ಒಂದು ತಿಂಗಳು ಮಂಚದ ಕಾಲಿಗೆ ಮರದ ಚಕ್ಕೆ ಕೊಟ್ಟು, ನೀರಿನ ಕೊಡಕ್ಕೆ ಸಿಂಬಿ ಇಟ್ಟು ಸುಧಾರಿಸಿಕೊಂಡರೆ ಮನೆ ತಾನಾಗಿಯೇ ನೆಟ್ಟಗಾಗುತ್ತದೆ. ಮುಂದಾಲೋಚನೆ ಇರುವವರು ದೊಡ್ಡ ಮಗಳನ್ನು ಮೂಡಲಿಗೆ ಕೊಟ್ಟರೆ ಚಿಕ್ಕವಳಿಗೆ ಪಡುವಲಿನ ಗಂಡನ್ನೇ ಹುಡುಕುತ್ತಾರೆ. ಹೆಣ್ಣು ನೋಡಲು ಬಂದವರನ್ನು ಜಾತಕ ಕೇಳುವ ಮೊದಲು ದಿಕ್ಕು ಕೇಳುವುದು ನಮ್ಮಲ್ಲಿ ವಾಡಿಕೆ. ಆದರೆ ಒಂದು ಗೇಣು ವಾಲಿದ ಮನೆಯನ್ನು ನನ್ನ ಐವತ್ತೊಂದು ವರ್ಷದಲ್ಲಿ ನಾನು ನೋಡಿರಲಿಲ್ಲ. ನೋಡಿದಾಗ ಅದು ನನ್ನದೇ ಆಗಿತ್ತು.

ಇದು ನಾಚಿಕೆಯ ವಿಷಯವಾದದ್ದು ಯಾಕೆಂದರೆ, ಬೇಕರಿ ಚೆಲುವರಾಜು ಎಂದರೆ ಗಟ್ಟಿ ಮನುಷ್ಯ ಎಂದು ಊರಿನಲ್ಲಿ ಹೆಸರಿತ್ತು. ಹೆಸರು ಹೇಗೆ ಬಂತೆಂದರೆ ನಾನೇ ಹೇಳಿಕೊಂಡು ತಿರುಗಿದ್ದೆ. ಮೇದಿನಿ ಹೊರಟ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಬೇರೆ ಅಪ್ಪಂದಿರು ಕನ್ನಡಕ ಒರೆಸಿಕೊಳ್ಳುತ್ತಿದ್ದರೆ ನಾನು ಎದೆ ಸೆಟೆಸಿ ನಿಂತು, "ಹೋಗು ಪುಟ್ಟಿ, ಇಪ್ಪತ್ನಾಲ್ಕು ವಾರ ತಾನೆ? ಹಿಟ್ಟು ಹುದುಗು ಬಂದ ಹಾಗೆ ಬಂದುಬಿಡುತ್ತೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದೆ. ನನ್ನ ಹೆಂಡತಿ ದಾಕ್ಷಾಯಿಣಿಯೂ ಅಳಲಿಲ್ಲ. "ಕಾಲ್ಚೀಲ ಒದ್ದೆ ಇದ್ರೆ ಹಾಕ್ಕೋಬೇಡ" ಎಂದಳು, ಅಷ್ಟೆ. ಬಸ್ಸು ಹೊರಟ ಮೇಲೆ ನಾನು ಕಾಫಿ ಕುಡಿದು, ಪಕ್ಕದಲ್ಲಿ ಅಳುತ್ತಿದ್ದ ಗೃಹಸ್ಥರೊಬ್ಬರಿಗೆ ಧೈರ್ಯ ಹೇಳಿ, ಅವರ ಕಾಫಿಯನ್ನೂ ಕುಡಿದು ಮನೆಗೆ ಬಂದೆ.

ಒಂದು ಗೇಣಿನ ವಾಲು ಎಂದರೆ ಏನೆಂದು ಬೇಕರಿ ನಡೆಸುವವನಿಗೆ ಮಾತ್ರ ಗೊತ್ತು. ಮನೆಯ ಮುಂಭಾಗದಲ್ಲೇ ನಮ್ಮ ಬೇಕರಿ, ಹಿಂದೆ ಭಟ್ಟಿ, ನಡುವೆ ನಮ್ಮ ಸಂಸಾರ. ಮಾರನೆಯ ಬೆಳಿಗ್ಗೆ ಟ್ರೇಯಿಂದ ತೆಗೆದ ಬ್ರೆಡ್ಡುಗಳೆಲ್ಲ ಒಂದೇ ಕಡೆಗೆ ಉಬ್ಬಿ, ಗಾಳಿಗೆ ಸಿಕ್ಕಿದ ಟೋಪಿಗಳಂತೆ ಕೂತಿದ್ದವು. ದಿಲ್‌ಪಸಂದಿನ ಕೊಬ್ಬರಿಯೆಲ್ಲ ಉತ್ತರದ ತುದಿಗೆ ಜಾರಿ, ಮೊದಲ ಹೋಳು ಕೊಂಡವರಿಗೆ ಬರಿಯ ಸಿಪ್ಪೆ, ಕೊನೆಯ ಹೋಳು ಕೊಂಡವರಿಗೆ ಹಬ್ಬ. ಜನ ಕೊನೆಯ ಹೋಳಿಗೆ ಕಾದು ನಿಲ್ಲತೊಡಗಿದರು. ಬನ್ನುಗಳು ಗಾಜಿನ ಬೀರುವಿನಿಂದ ತಪ್ಪಿಸಿಕೊಂಡು ಉರುಳಿ, ಉತ್ತರದ ಪಕ್ಕದಲ್ಲಿದ್ದ ವಾಜಿದ್ ಸಾಹೇಬರ ಗಡಿಯಾರ ರಿಪೇರಿ ಅಂಗಡಿಯ ಮೆಟ್ಟಿಲಿಗೆ ಹೋಗಿ ಸೇರುತ್ತಿದ್ದವು. ಸಾಹೇಬರು ಪ್ರಾಮಾಣಿಕರು. ಪ್ರತಿದಿನ ಬನ್ನುಗಳನ್ನು ಒರೆಸಿ, ಬುಟ್ಟಿಯಲ್ಲಿಟ್ಟು ವಾಪಸು ತಂದುಕೊಡುತ್ತಿದ್ದರು.

ದಾಕ್ಷಾಯಿಣಿ ಎರಡೇ ದಿನದಲ್ಲಿ ಹೊಂದಿಕೊಂಡಳು. ತಟ್ಟೆಯ ಉತ್ತರದ ಅಂಚಿಗೆ ಅನ್ನದ ಕಟ್ಟೆ ಕಟ್ಟಿ, ದಕ್ಷಿಣದಿಂದ ಸಾರು ಬಿಡುತ್ತಿದ್ದಳು. ಕೆರೆಯಂತೆ ನಿಲ್ಲುತ್ತಿತ್ತು. ಮಜ್ಜಿಗೆಯ ಹೊತ್ತಿಗೆ ಕಟ್ಟೆ ಒಡೆಯುತ್ತಿತ್ತು, ಅದಕ್ಕೆ ಮಜ್ಜಿಗೆಯನ್ನು ಲೋಟದಲ್ಲಿ ಕೊಟ್ಟಳು.

ಮೂರು ವಾರ ಕಳೆದರೂ ಮನೆ ನೆಟ್ಟಗಾಗಲಿಲ್ಲ. ಇನ್ನೂ ಎರಡು ಬೆರಳು ಹೆಚ್ಚೇ ವಾಲಿತು. ಕೊನೆಗೆ ಮೇಸ್ತ್ರಿ ದೊಡ್ಡೀರಯ್ಯನನ್ನು ಕರೆಸಿದೆ. ಊರಿನ ವಾಲುಗಳನ್ನೆಲ್ಲ ಅಳೆಯುವವನು ಅವನೇ. ಕಿವಿಯ ಮೇಲೊಂದು ಪೆನ್ಸಿಲು, ಕೈಯಲ್ಲೊಂದು ರಸಮಟ್ಟ. ಅದನ್ನು ಗೋಡೆಗೆ ಇಟ್ಟು, ಒಳಗಿನ ಗುಳ್ಳೆ ಒಂದು ಮೂಲೆಗೆ ಓಡಿಹೋದದ್ದನ್ನು ನೋಡಿ ನಾಲಿಗೆ ಕಚ್ಚಿಕೊಂಡ.

"ಸೋಮಿ, ಇದು ಪಾಯದ್ ದೋಸ ಅಲ್ಲ. ಮನೇಲಿರೋರ್ ದೋಸ" ಎಂದ. "ಯಾರೋ ಒಬ್ರು ಸ್ಯಾನೆ ಎಳೀತಾವ್ರೆ."

ನಾನು ದಾಕ್ಷಾಯಿಣಿಯ ಕಡೆ ನೋಡಿದೆ. ಹೆಣ್ಣು ಹೆಂಗಸು, ಹೆತ್ತ ಕರುಳು, ಸಹಜ ತಾನೆ ಎಂಬ ಮುಖ ಮಾಡಿ, "ನೋಡು, ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋಬೇಕು" ಎಂದೆ. ಅವಳು ಹಿಟ್ಟು ನಾದುತ್ತಿದ್ದಳು.

"ಪರೀಕ್ಸೆ ಮಾಡಾದು ಸುಲಭ" ಎಂದ ದೊಡ್ಡೀರಯ್ಯ. "ಒಬ್ಬೊಬ್ರೇ ಆಚೆಗ್ ಓಗಿ. ಯಾರು ಓದಾಗ ನೆಟ್ಟಗಾಯ್ತದೋ ಅವ್ರೇ ಕಳ್ರು."

ಬೀದಿಯಲ್ಲಿ ಆಗಲೇ ಮೂವತ್ತು ಜನ ಸೇರಿದ್ದರು. ಮೊದಲು ದಾಕ್ಷಾಯಿಣಿ ಕೈ ತೊಳೆದುಕೊಂಡು ಹೊರಗೆ ಹೋದಳು. ಮನೆ ಕಿರ್ರೆಂದಿತು. ನೆಟ್ಟಗಾಗುವುದಿರಲಿ, ಮೇಲಿನ ಹಲಗೆಯಿಂದ ಎರಡು ಡಬ್ಬಿ ಜಾರಿ ಬಿದ್ದವು. "ಅದು ಅಳೇ ತೊಲೆ ಸದ್ದು, ಬುಡಿ" ಎಂದ ದೊಡ್ಡೀರಯ್ಯ, "ಅಮ್ಮಾವ್ರು ವಳಗ್ ಬನ್ನಿ. ಈಗ ನೀವು ಓಗಿ ಸೋಮಿ." ನಾನು ಮೀಸೆಯ ಕೆಳಗೆ ನಗುತ್ತಾ ಹೊಸ್ತಿಲು ದಾಟಿದೆ. ಎಡಗಾಲು ಹೊರಗೆ ಬಂದಾಗ ಕಿಟಕಿಗಳು ಅಲುಗಾಡಿದವು. ಬಲಗಾಲೂ ಹೊರಗೆ ಬಂದಾಗ ಮನೆ, ಮೇಷ್ಟ್ರು ಕರೆದ ಕೂಡಲೇ ಎದ್ದುನಿಂತ ವಿದ್ಯಾರ್ಥಿಯ ಹಾಗೆ, ಸಟ್ಟನೆ ನೆಟ್ಟಗೆ ನಿಂತಿತು.

ಜನ ಚಪ್ಪಾಳೆ ತಟ್ಟಿದರು. ಅದು ಯಾರಿಗೆ ತಟ್ಟಿದ ಚಪ್ಪಾಳೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಒಳಗೆ ಹೋದೆ, ವಾಲಿತು. ಹೊರಗೆ ಬಂದೆ, ಎದ್ದಿತು. ಐದಾರು ಸಲ ಹೀಗೆ ಮಾಡಿದ ಮೇಲೆ ದಾಕ್ಷಾಯಿಣಿ ಒಳಗಿನಿಂದ, "ರೀ, ಸಾಕು ಬಿಡಿ, ಪಾತ್ರೆ ಎಲ್ಲ ಬೀಳ್ತಿವೆ" ಎಂದು ಕೂಗಿದಳು.

ಅಂದಿನಿಂದ ನನ್ನ ಕಷ್ಟಗಳು ಶುರುವಾದವು. ವಾಜಿದ್ ಸಾಹೇಬರು ದೊಡ್ಡ ಮನಸ್ಸಿನವರು. "ಒಂದೆರಡು ವಾರ ನಮ್ಮ ಮನೇಲೇ ಇದ್ದುಬಿಡಿ ಚೆಲುವರಾಜು, ನಿಮ್ಮ ಮನೆ ಸುಧಾರಿಸ್ಕೊಳ್ಲಿ" ಎಂದರು. ನಾನು ಹೋಗಿ ಅವರ ಕುರ್ಚಿಯಲ್ಲಿ ಕೂತು ಚಹಾದ ಲೋಟ ಎತ್ತುವಷ್ಟರಲ್ಲಿ ಅವರ ಮನೆ ಉತ್ತರಕ್ಕೆ ವಾಲಿತು. ಗೋಡೆಯ ಮೇಲಿನ ನಲವತ್ತೆರಡು ಗಡಿಯಾರಗಳ ಲೋಲಕಗಳು ಒಂದೇ ಕಡೆಗೆ ಆತು ನಿಂತುಬಿಟ್ಟವು. ಅಂಗಡಿಯೊಳಗೆ ಅಂಥ ಮೌನವನ್ನು ಸಾಹೇಬರು ತಮ್ಮ ತಂದೆಯ ಕಾಲದಿಂದ ಕೇಳಿರಲಿಲ್ಲವಂತೆ. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದರು. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಹೀಗೆ ನಾನು ವಾಲನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವನಾದೆ. ಕ್ಷೌರದ ಅಂಗಡಿಗೆ ಹೋದರೆ ಕನ್ನಡಿ ಓರೆಯಾಗಿ, ನನ್ನ ಮೀಸೆಯ ಒಂದು ಕಡೆ ಇನ್ನೊಂದಕ್ಕಿಂತ ಮೇಲೆ ಹೋಯಿತು. ಮದುವೆ ಛತ್ರಕ್ಕೆ ಹೋದರೆ ವರ ಜಾರಿ ವಧುವಿನ ಮಡಿಲಿಗೆ ಬಿದ್ದ. ಆ ಜೋಡಿ ಮಾತ್ರ ನನ್ನ ಮೇಲೆ ಬೇಸರ ಮಾಡಿಕೊಳ್ಳಲಿಲ್ಲ. ಜನ ನನ್ನನ್ನು ಕಂಡರೆ ಬಾಗಿಲಲ್ಲೇ ನಿಂತು ಮಾತಾಡಿಸಿ ಕಳಿಸತೊಡಗಿದರು. ಗಟ್ಟಿ ಮನುಷ್ಯ ಎಂಬ ಹೆಸರು ಹೋಗಿ "ಉತ್ತರದೋರು" ಎಂಬ ಹೆಸರು ಬಂತು.

ತರಬೇತಿಯವರಿಗೆ ಭಾನುವಾರ ಮಾತ್ರ ಹತ್ತು ನಿಮಿಷ ಫೋನು ಕೊಡುತ್ತಿದ್ದರು. ಐದನೆಯ ಭಾನುವಾರ ಮೇದಿನಿಯ ಫೋನು ಬಂದಾಗ ನಾನು ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಕಾಲನ್ನು ಬೀರುವಿಗೆ ಊರಿ ನಿಂತಿದ್ದೆ.

"ಅಪ್ಪ, ಮನೆ ಎಷ್ಟು ವಾಲಿದೆ?" ಎಂದಳು ಮೊದಲಿಗೇ.

"ವಾಲೋದಾ? ಒಂದೂವರೆ ಬೆರಳೂ ಇಲ್ಲ. ನೆಟ್ಟಗೆ ನಿಂತಿದೀವಿ" ಎಂದೆ. ಆಗಲೇ ಸ್ಟೂಲೊಂದು ನನ್ನ ಪಕ್ಕದಿಂದ ಗರಗರನೆ ಜಾರಿಹೋಯಿತು.

"ಅದೇನು ಸದ್ದು?"

"ಗಿರಾಕಿಗಳು. ಜಾಸ್ತಿ ಜನ. ನೀನು ಹೇಗಿದೀಯ?"

"ಸೂಪರಾಗಿದೀನಪ್ಪ" ಎಂದಳು. ಅವಳ ಹಿಂದೆಯೂ ಏನೋ ಧಡಾರನೆ ಬಿದ್ದ ಸದ್ದಾಯಿತು.

"ಅದೇನು?"

"ಏನಿಲ್ಲ, ತಗಡಿನ ಟ್ರಂಕು. ಅಮ್ಮನಿಗೆ ಕೊಡು."

ದಾಕ್ಷಾಯಿಣಿ ಫೋನು ತೆಗೆದುಕೊಂಡು ನಡುಮನೆಯ ಮಧ್ಯೆ, ಏನನ್ನೂ ಹಿಡಿಯದೆ ನಿಂತು, "ಕಾಲ್ಚೀಲ ಒಣಗ್ತಾವಾ?" ಎಂದು ಕೇಳಿದಳು. ಅವಳು ಏನನ್ನೂ ಹಿಡಿಯದೆ ಅಷ್ಟು ಓರೆಯ ನೆಲದಲ್ಲಿ ಹೇಗೆ ನಿಲ್ಲುತ್ತಾಳೆ ಎಂದು ಆಗ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹನ್ನೊಂದನೆಯ ವಾರಕ್ಕೆ ವಾಲು ಒಂದು ಮೊಳವಾಯಿತು. ಭಟ್ಟಿಯ ಹೊಗೆಕೊಳವೆ ವಾಜಿದ್ ಸಾಹೇಬರ ಮಹಡಿಯ ಕಿಟಕಿಯೊಳಗೆ ಇಣುಕಿ, ಅವರ ಮನೆಯವರು ಒಣಗಲು ಹಾಕಿದ್ದ ಬಟ್ಟೆಗೆಲ್ಲ ಕೇಕಿನ ವಾಸನೆ ಹಿಡಿಯಿತು. ಬೀದಿಯ ಹಿರಿಯರು ನಮ್ಮ ಮನೆಯ ಮುಂದೆ ಸೇರಿದರು. ಒಳಗೆ ಬರಲು ಯಾರೂ ಒಪ್ಪಲಿಲ್ಲ, ಹಾಗಾಗಿ ಸಭೆ ಬೀದಿಯಲ್ಲೇ ನಡೆಯಿತು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಇನ್ನು ಹದಿನೈದು ದಿನದಲ್ಲಿ ಮನೆ ನೆಟ್ಟಗಾಗಬೇಕು, ಇಲ್ಲವಾದರೆ ಮಗಳನ್ನು ಕರೆಸಿಕೊಳ್ಳಬೇಕು, ಎರಡೂ ಆಗದಿದ್ದರೆ ಮನೆ ಖಾಲಿ ಮಾಡಬೇಕು ಎಂದರು. ವಾಜಿದ್ ಸಾಹೇಬರು ಮಾತ್ರ ತಲೆ ತಗ್ಗಿಸಿ, "ನನಗೆ ಬನ್ ವಾಪಸ್ ತರೋದು ಕಷ್ಟ ಅಲ್ಲ. ಆದ್ರೆ ಗೋಡೆ ಬಿದ್ರೆ ಕೆಳಗೆ ನನ್ನ ಮೊಮ್ಮಗಳು ಮಲಗ್ತಾಳೆ" ಎಂದರು. ಅದು ನನ್ನ ಎದೆಗೆ ನಾಟಿತು.

ಆ ಮಧ್ಯಾಹ್ನ ನಾನು ಮಗಳಿಗೆ ಕಾಗದ ಬರೆಯಲು ಕೂತೆ. ತರಬೇತಿಯ ನಡುವೆ ತಾನಾಗಿ ಬಿಟ್ಟುಬಂದವರನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹತ್ತನೆಯ ತರಗತಿಯಿಂದ ಅವಳು ಬೆಳಿಗ್ಗೆ ಎದ್ದು ಕೆರೆ ಏರಿಯ ಮೇಲೆ ಓಡುತ್ತಿದ್ದದ್ದೂ ಗೊತ್ತಿತ್ತು. ಸ್ವತಃ ನಾನೇ ಸೈಕಲ್ಲಿನಲ್ಲಿ ಹಿಂದೆ ಹೋಗಿ ಸಮಯ ನೋಡಿ ಹೇಳುತ್ತಿದ್ದೆ. ಆದರೂ ಬರೆದೆ: "ಚಿ. ಮೇದಿನಿಗೆ ಆಶೀರ್ವಾದಗಳು. ನಿನ್ನ ತಾಯಿಗೆ ತೀರಾ ಹುಷಾರಿಲ್ಲ. ಹಾಸಿಗೆ ಹಿಡಿದಿದ್ದಾಳೆ. ಕೂಡಲೇ ಹೊರಟು ಬಾ."

ಬರೆದು ತಲೆ ಎತ್ತಿದರೆ ಹಾಸಿಗೆ ಹಿಡಿದವಳು ಹೆಗಲ ಮೇಲೆ ಮೈದಾ ಮೂಟೆ ಹೊತ್ತು ನಿಂತಿದ್ದಳು. ಮೂಟೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕಾಗದ ತೆಗೆದುಕೊಂಡು ಓದಿದಳು. ಎರಡು ಸಲ ಓದಿದಳು.

"ಯಾವ ಕಾಯಿಲೆ ಅಂತ ಬರ್ದೇ ಇಲ್ವಲ್ಲ?"

"ಅದು... ಇನ್ನೂ ಯೋಚನೆ ಮಾಡಿರ್ಲಿಲ್ಲ."

"ಅವ್ಳು ಕೇಳ್ತಾಳಲ್ರೀ. ಮೊದ್ಲಿಂದ್ಲೂ ಪ್ರಶ್ನೆ ಜಾಸ್ತಿ ಅವ್ಳದ್ದು." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜಾರುತ್ತಿದ್ದ ಮಂಚದ ಕಾಲಿನ ಕೆಳಗೆ ಇಟ್ಟಳು. ಮಂಚ ನಿಂತಿತು. "ನೋಡಿ, ಇದಕ್ಕಾದ್ರೂ ಉಪಯೋಗಕ್ಕೆ ಬಂತು. ಈ ಭಾನುವಾರ ಅಲ್ಲಿ ಅಪ್ಪ ಅಮ್ಮಂದ್ರನ್ನ ಬಿಡ್ತಾರಂತೆ. ನೀವು ಹೋಗಿ ನೋಡ್ಕೊಂಡ್ ಬನ್ನಿ."

"ನೀನು?"

"ಇಬ್ರೂ ಹೋದ್ರೆ ಭಟ್ಟಿ ಆರತ್ತೆ. ನೀವ್ ಹೋಗಿ. ಹೇಗೂ ನೀವಿಲ್ದಿದ್ರೆ ಮನೆ ನೆಟ್ಟಗಿರತ್ತಲ್ಲ, ಬೀದಿಯೋರ್ಗೂ ನಾಲ್ಕು ದಿನ ನೆಮ್ಮದಿ."

ಮಾತು ಚುಚ್ಚಿದರೂ ಅದರಲ್ಲಿ ನಿಜವಿತ್ತು. ಖಾರಾ ಬಿಸ್ಕತ್ತಿನ ಎರಡು ಡಬ್ಬಿ ಹಿಡಿದು ಶುಕ್ರವಾರ ಬಸ್ಸು ಹತ್ತಿದೆ. ನಾನು ಕೂತ ಕೂಡಲೇ ಬಸ್ಸು ಮುಂದಕ್ಕೆ ವಾಲಿತು. ಹೊರಟದ್ದೂ ಉತ್ತರಕ್ಕೇ ಆದ್ದರಿಂದ ಇಳಿಜಾರಿನಲ್ಲಿ ಬಿಟ್ಟ ಚಕ್ರದಂತೆ ಓಡತೊಡಗಿತು. "ಆಕ್ಸಲೇಟರ್ ಒತ್ತೇ ಇಲ್ಲ ಕಣಯ್ಯ!" ಎಂದು ಚಾಲಕ ಕಂಡಕ್ಟರಿಗೆ ಕೂಗಿದ. ಪ್ರಯಾಣಿಕರೆಲ್ಲ ಮುಂದಿನ ಸೀಟಿನ ಕಂಬಿ ತಬ್ಬಿಕೊಂಡು ಕೂತರು. ಎರಡು ಊರು ದಾಟಿದ ಮೇಲೆ ಕಂಡಕ್ಟರು ಬಂದು ನನ್ನ ಮುಖ ನೋಡಿ, "ಯಾರು ಹೋಗಿರೋದು, ಮಗನಾ ಮಗಳಾ?" ಎಂದ. ಅವನೂ ನಮ್ಮೂರ ಕಡೆಯವನೇ. "ಮಗಳು" ಎಂದೆ. ಅವನು ನನ್ನನ್ನು ಎಬ್ಬಿಸಿ ಕೊನೆಯ ಸೀಟಿನಲ್ಲಿ ಕೂರಿಸಿ, ಮಡಿಲಲ್ಲಿ ಯಾರದೋ ಈರುಳ್ಳಿ ಚೀಲ ಇಟ್ಟು ಹೋದ. ಆ ಬಸ್ಸು ಅವತ್ತು ಎರಡು ಗಂಟೆ ಮುಂಚೆಯೇ ಮುಟ್ಟಿತು.

ಭಾನುವಾರ ಬೆಳಿಗ್ಗೆ ತರಬೇತಿ ಕೇಂದ್ರದ ಗೇಟಿನಲ್ಲಿ ಹೆಸರು, ಊರು ಬರೆಸಿದೆ. ಊರ ಹೆಸರು ಓದಿದ ಪಹರೆಯವನು ಓಡಿಹೋಗಿ ಒಬ್ಬ ಹವಾಲ್ದಾರ್ ಮೇಡಮ್ಮನ್ನು ಕರೆದುಕೊಂಡು ಬಂದ. ಎತ್ತರದ ಹೆಂಗಸು, ಹೆಸರು ಯಲ್ಲವ್ವ, ಮಾತಾಡಿದರೆ ಮೈದಾನದ ಆಚೆಯ ಕಾಗೆ ಹಾರುತ್ತಿತ್ತು.

"ನೀವs ಏನ್ರಿ ಆ ಊರಿನ ಯಜಮಾನ್ರು? ಬರ್ರಿ ಇಲ್ಲೆ. ಒಂದ್ ಚೂರು ಅಲ್ಲಿ ನೋಡ್ರಿ."

ನೋಡಿದೆ. ಒಂದೇ ಅಳತೆಯ ಆರು ಬ್ಯಾರಕ್ಕುಗಳು ಸಾಲಾಗಿ ನಿಂತಿದ್ದವು. ಐದು ನೆಟ್ಟಗೆ ನಿಂತಿದ್ದವು. ನಾಲ್ಕನೆಯದು ದಕ್ಷಿಣಕ್ಕೆ ಒಂದು ಮೊಳ ವಾಲಿತ್ತು.

"ಹನ್ನೊಂದು ವಾರ ಆತ್ರಿ. ಇಪ್ಪತ್ತು ಹುಡುಗ್ಯಾರು ಮಲಗೂದು ಅದರಾಗ. ಮುಂಜಾನೆ ಎದ್ರ ಇಪ್ಪತ್ತೂ ಮಂದಿ ಒಂದs ಮೂಲ್ಯಾಗ ಇರ್ತಾರ. ಎಂಜಿನಿಯರ್ ಬಂದ್ರು, ನೆಲ ಅಗದ್ರು, ಏನೂ ಸಿಗಲಿಲ್ಲ. ನಿಮ್ಮ ಮಗಳನ್ನ ಕೇಳಿದ್ರ, 'ಗೊತ್ತಿಲ್ಲ ಮೇಡಂ, ನಾ ಸೂಪರ್ ಅದೀನಿ' ಅಂತಾಳ."

ಆಗ ಮೇದಿನಿ ಬಂದಳು. ಕೂದಲು ಗಿಡ್ಡವಾಗಿತ್ತು, ಮುಖ ನಮ್ಮ ಭಟ್ಟಿಯ ಹೊರಗಿನ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನಡೆಯುವಾಗ ನೆಲ ಅವಳಿಗೆ ದಾರಿ ಬಿಡುತ್ತಿದೆ ಅನ್ನಿಸಿತು. ನನ್ನ ಎದುರು ಬಂದು ಟಕ್ಕೆಂದು ನಿಂತಳು.

"ಹೇಗಿದೀಯ ಅಪ್ಪ?"

"ನಾನು ಸೂಪರ್. ನೀನು?"

"ಸೂಪರ್."

ಇಬ್ಬರೂ ಬ್ಯಾರಕ್ಕಿನ ಕಡೆ ನೋಡಿದೆವು. ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಚಿಕ್ಕವಳಿದ್ದಾಗ ಸುಳ್ಳು ಸಿಕ್ಕಿಬಿದ್ದರೆ ಹಾಗೇ ಆಗುತ್ತಿತ್ತು. "ಅಪ್ಪ, ನಾಲ್ಕನೇ ವಾರ ನಾನು ಟ್ರಂಕು ಕಟ್ಟಿಬಿಟ್ಟಿದ್ದೆ" ಎಂದಳು. "ಅಪ್ಪನಿಗೆ ತೀರಾ ಹುಷಾರಿಲ್ಲ, ಹಾಸಿಗೆ ಹಿಡಿದಿದಾರೆ ಅಂತ ಮೇಡಂಗೆ ಅರ್ಜಿನೂ ಬರೆದೆ."

"ಖರೇನs" ಎಂದರು ಯಲ್ಲವ್ವ, "ಯಾವ ಬ್ಯಾನಿ ಅಂತ ಕೇಳಿದೆ. ಹೇಳಾಕ ಬರಲಿಲ್ಲ. ಹರದು ಒಗದೆ."

ನನಗೆ ನಗು ತಡೆಯಲಾಗಲಿಲ್ಲ. ನಾನು ಬರೆದ ಕಾಗದದ ವಿಷಯ ಹೇಳಿದೆ. "ಅಮ್ಮಾನಾ? ಹಾಸಿಗೆ ಹಿಡಿದಿರೋದಾ?" ಎಂದು ಮೇದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪ, ಅದನ್ನ ಪೋಸ್ಟ್‌ಮ್ಯಾನ್ ಕೂಡ ನಂಬ್ತಿರ್ಲಿಲ್ಲ!" ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಗಟ್ಟಿ ಮನುಷ್ಯ ಎಂದು ಅಲ್ಲಿ ನನ್ನನ್ನು ಯಾರೂ ಬಲ್ಲವರಿರಲಿಲ್ಲ, ಹಾಗಾಗಿ ಚೆನ್ನಾಗಿಯೇ ಅತ್ತೆ. ಅತ್ತು ಮುಗಿಯುವಷ್ಟರಲ್ಲಿ ಬ್ಯಾರಕ್ಕಿನ ಒಳಗಿನಿಂದ ಹತ್ತೊಂಬತ್ತು ಹುಡುಗಿಯರ ಕೂಗು ಕೇಳಿಸಿತು. ಕಟ್ಟಡ ನಿಧಾನಕ್ಕೆ, ಮೈ ಮುರಿಯುತ್ತಾ ಎದ್ದು ನೆಟ್ಟಗಾಗುತ್ತಿತ್ತು. ಮಂಚಗಳು ಕಿರುಗುಟ್ಟುತ್ತಾ ತಮ್ಮ ತಮ್ಮ ಜಾಗಕ್ಕೆ ಹಿಂದಿರುಗುವ ಸದ್ದು ಮೈದಾನದವರೆಗೂ ಕೇಳಿಸಿತು.

"ಇನ್ನು ಹದಿಮೂರು ವಾರ ಇದೆ ಪುಟ್ಟಿ" ಎಂದೆ. "ಬರೋದಾದ್ರೆ ಈಗ್ಲೇ ನನ್ನ ಜೊತೆ ಬಾ. ಯಾರೂ ಏನೂ ಅನ್ನಲ್ಲ." ಇದನ್ನು ನಾನು ಪೂರ್ತಿ ಮನಸ್ಸಿನಿಂದ ಹೇಳಿದೆ. ಅವಳು ಬರಲಿ ಎಂಬ ಆಸೆಯೂ ಅದರಲ್ಲಿತ್ತು, ಮುಚ್ಚಿಡುವುದಿಲ್ಲ.

ಅವಳು ಕೈಯಲ್ಲಿದ್ದ ಖಾರಾ ಬಿಸ್ಕತ್ತು ಕಚ್ಚಿ ಸ್ವಲ್ಪ ಹೊತ್ತು ಅಗಿದಳು. "ಇಲ್ಲಪ್ಪ. ಮುಗಿಸಿಯೇ ಬರ್ತೀನಿ. ಮೊನ್ನೆ ಹತ್ತು ಕಿಲೋಮೀಟರ್ ಓಟದಲ್ಲಿ ನಾನೇ ಎರಡನೆಯವಳು. ಮೊದಲನೆಯವಳು ಬಿದ್ರೆ ಮೊದಲನೆಯವಳಾಗ್ತೀನಿ."

ಆಗಲಿ ಎಂದೆ. ಹೊರಡುವಾಗ ಹಿಂತಿರುಗಿ ನೋಡಿದರೆ ಬ್ಯಾರಕ್ಕು ಮತ್ತೆ ವಾಲಿತ್ತು, ಆದರೆ ನಾಲ್ಕೇ ಬೆರಳು. ಯಲ್ಲವ್ವ ಅದನ್ನು ನೋಡಿ, "ಇಷ್ಟು ನಡೀತೈತಿ, ಹೋಗ್ರಿ" ಎಂದು ಕೈ ಬೀಸಿದರು.

ವಾಪಸು ಬರುವಾಗ ಬಸ್ಸಿನ ಹಿಂಭಾಗ ತುಸುವೇ ಕುಸಿದಿತ್ತು, ಯಾರೂ ದೂರಲಿಲ್ಲ. ಮಂಗಳವಾರ ಬೆಳಿಗ್ಗೆ ನಮ್ಮ ಬೀದಿಗೆ ತಿರುಗಿದೆ. ನಾನಿಲ್ಲದ ಮನೆ ಗರಿಗರಿಯಾಗಿ ಇಸ್ತ್ರಿ ಮಾಡಿದ ಪಂಚೆಯ ಹಾಗೆ ನೆಟ್ಟಗಿರುತ್ತದೆ, ನೋಡೋಣ ಎಂದುಕೊಂಡೆ. ಬೀದಿ ತುಂಬ ಜನ. ದೊಡ್ಡೀರಯ್ಯ ರಸಮಟ್ಟವನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ನಿಂತಿದ್ದ. ಮನೆ ಉತ್ತರಕ್ಕೆ ಒಂದೂವರೆ ಮೊಳ ವಾಲಿತ್ತು.

"ನೀವು ಬಸ್ ಅತ್ತಿದ್ ಗಳಿಗೇಲೇ ಇಂಗಾಯ್ತು ಸೋಮಿ" ಎಂದ ದೊಡ್ಡೀರಯ್ಯ. "ನನ್ ಇದ್ಯೆ ಎಲ್ಲಾ ಸುಳ್ಳಾಗೋಯ್ತು." ವಾಜಿದ್ ಸಾಹೇಬರು ತಮ್ಮ ಮನೆಯವರನ್ನೂ ಮೊಮ್ಮಗಳನ್ನೂ ಅವರ ತಮ್ಮನ ಮನೆಗೆ ಕಳಿಸಿ, ಎರಡು ಮನೆಗಳ ನಡುವೆ ಅಡಿಕೆ ಮರದ ಆಸರೆ ಕೊಟ್ಟು, ಅದಕ್ಕೆ ಒರಗಿ ತಾವೇ ನಿಂತಿದ್ದರು. "ಅಮ್ಮಾ ಒಳಗೇ ಇದಾರೆ. ಕರೆದ್ರೆ, ಆಮೇಲೆ ಬನ್ನಿ ಅಂತಾರೆ" ಎಂದರು.

ನಾನು ಹೊಸ್ತಿಲಲ್ಲಿ ನಿಂತು ಇಣುಕಿದೆ. ಮನೆಯ ಸಾಮಾನೆಲ್ಲ ಉತ್ತರದ ಗೋಡೆಗೆ ರಾಶಿ ಬಿದ್ದಿತ್ತು. ಆ ರಾಶಿಯ ನಡುವೆ ದಾಕ್ಷಾಯಿಣಿ ಗೋಡೆಗೆ ಒರಗಿ, ಮೇದಿನಿಯ ಓಟದ ಹಳೆಯ ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು, ಕಾಲು ಚಾಚಿ ಕೂತಿದ್ದಳು. ಮೂಗು ಕೆಂಪಾಗಿತ್ತು.

"ಬಂದ್ರಾ? ಈಗ್ಲೇ ಒಳಗೆ ಬರ್ಬೇಡಿ" ಎಂದಳು. "ಇನ್ನೊಂದ್ ಸ್ವಲ್ಪ ಹೊತ್ತು ವಾಲ್ಕೋತೀನಿ."

"ದಾಕ್ಷಿ! ಮತ್ತೆ ಅವತ್ತು ಪರೀಕ್ಷೆ ಮಾಡ್ದಾಗ..."

"ನೀವ್ ಮೊದ್ಲೇ ಶುರು ಮಾಡ್ಬಿಟ್ರಲ್ರೀ. ಇಬ್ರೂ ವಾಲಿದ್ರೆ ಸಾಹೇಬ್ರ ಮನೆ ಉಳೀತಿತ್ತಾ? ಅದಕ್ಕೆ ನಾನು ಹಿಡ್ಕೊಂಡೆ. ಹನ್ನೊಂದು ವಾರ ದಕ್ಷಿಣಕ್ಕೆ ಎಳೆದೂ ಎಳೆದೂ ಸೊಂಟ ಹೋಯ್ತು. ನೀವು ಊರ್ ಬಿಟ್ರಲ್ಲ, ಸದ್ಯ ನನಗೂ ಬಿಡುವಾಯ್ತು ಅಂತ ಕೂತ್ಕೊಂಡೆ."

ಅವಳು ಮೂಗು ಒರೆಸಿಕೊಂಡು, "ಒಂದೂವರೆ ಮೊಳ ಪೂರ್ತಿ ಅವಳ್ದೇ ಅಂದ್ಕೋಬೇಡಿ" ಎಂದಳು. "ಅದ್ರಲ್ಲಿ ನಾಲ್ಕು ಬೆರಳು ನಿಮ್ದು. ನೀವೂ ಉತ್ತರಕ್ಕೇ ಹೋಗಿದ್ರಲ್ಲ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮೇದಿನಿ ಚೆನ್ನಾಗಿದ್ದಾಳೆ, ಓಟದಲ್ಲಿ ಎರಡನೆಯವಳು, ಕಾಲ್ಚೀಲ ಒಣಗಿದೆ ಎಂದು ಒಂದೊಂದಾಗಿ ಹೇಳುತ್ತಾ, ನನ್ನ ಮನಸ್ಸನ್ನು ಮನೆಯೊಳಗೇ ಹಿಡಿದು ನಿಲ್ಲಿಸಿದೆ. ಬೆವರು ಮೀಸೆಗಿಳಿಯಿತು. ಅವಳು ವಾಲುತ್ತಿದ್ದಳು, ನಾನು ಹಿಡಿಯುತ್ತಿದ್ದೆ, ಮನೆ ನಡುವೆ ಕಿರ್ರೆನ್ನುತ್ತಾ ಒಂದು ಗೇಣಿಗೆ ಬಂದು ನಿಂತಿತು. ಹನ್ನೊಂದು ನಿಮಿಷ ಹಿಡಿದೆ. ಲೆಕ್ಕ ಹೇಳಿದ್ದು ವಾಜಿದ್ ಸಾಹೇಬರು, ಹಾಗಾಗಿ ಸರಿಯೇ ಇರಬೇಕು. ಅವಳು ಹನ್ನೊಂದು ವಾರ ಹಿಡಿದಿದ್ದಳು.

ಆಮೇಲೆ ನಾವು ವಾಲುವುದಕ್ಕೆ ಸರದಿ ಮಾಡಿಕೊಂಡೆವು. ಸೋಮವಾರ, ಬುಧವಾರ, ಶುಕ್ರವಾರ ನನ್ನದು. ಮಂಗಳವಾರ, ಗುರುವಾರ, ಶನಿವಾರ ಅವಳದು. ಒಬ್ಬರು ವಾಲುವಾಗ ಇನ್ನೊಬ್ಬರು ಹಿಡಿಯಬೇಕು. ಭಾನುವಾರ ಫೋನು ಬರುವ ದಿನವಾದ್ದರಿಂದ ಆ ದಿನವನ್ನು ಅವಳೇ ಇಟ್ಟುಕೊಂಡಳು, ಅಷ್ಟು ವಾರದ ಬಾಕಿಗೆ. ವಾಲು ಒಂದು ಗೇಣು ಮೀರಲಿಲ್ಲ. ಬೀದಿಯವರು ಒಪ್ಪಿದರು, ಸಾಹೇಬರ ಮೊಮ್ಮಗಳು ವಾಪಸು ಬಂದಳು. ಹಿಡಿಯುವುದು ನನಗೂ ಸ್ವಲ್ಪ ಸ್ವಲ್ಪ ಅಭ್ಯಾಸವಾಯಿತು.

ಹದಿನೈದನೆಯ ಭಾನುವಾರ ಮೇದಿನಿಯ ಫೋನು ಬಂತು. ದನಿ ಕುಣಿಯುತ್ತಿತ್ತು. "ಅಪ್ಪ, ಗೊತ್ತಾ, ನಮ್ಮ ಬ್ಯಾರಕ್ಕು ಇವತ್ತು ಬೆಳಿಗ್ಗೆ ಪೂರ್ತಿ ನೆಟ್ಟಗಾಯ್ತು! ಒಂದು ನೂಲಿನಷ್ಟೂ ವಾಲಿಲ್ಲ. ಯಲ್ಲವ್ವ ಮೇಡಂ ಎಲ್ಲರಿಗೂ ಜಿಲೇಬಿ ಕೊಡಿಸಿದ್ರು. ನಾವೆಲ್ಲ ಈಗ ವಾಲಿಬಾಲ್ ಆಡೋಕೆ ಹೋಗ್ತಿದೀವಿ, ಇಡ್ಲಾ?"

"ಭೇಷ್ ಪುಟ್ಟಿ, ಹೋಗು ಹೋಗು" ಎಂದೆ. ಹತ್ತು ನಿಮಿಷದಲ್ಲಿ ಆರು ನಿಮಿಷ ಉಳಿದಿತ್ತು. ಫೋನು ಇಟ್ಟೆ. ಒಂದು ನೂಲಿನಷ್ಟೂ ಇಲ್ಲವಂತೆ. ಒಳ್ಳೆಯ ಸುದ್ದಿ. ಅಪ್ಪನಾದವನು ಕೇಳಬೇಕಾದ ಸುದ್ದಿಯೇ ಅದು. ನಾನು ಅದನ್ನೇ ಮತ್ತೆ ಮತ್ತೆ ಅಂದುಕೊಳ್ಳುತ್ತಿರುವಾಗ ಮೇಜಿನ ಮೇಲಿನ ಬನ್ನೊಂದು ಮೆಲ್ಲನೆ ಉತ್ತರಕ್ಕೆ ಹೊರಟಿತು.

ದಾಕ್ಷಾಯಿಣಿ ಆ ಬನ್ನನ್ನು ನೋಡಿದಳು, ನನ್ನನ್ನು ನೋಡಿದಳು. ಅಂದು ಅವಳ ಸರದಿ. ವಾರವೆಲ್ಲ ಅದಕ್ಕಾಗಿ ಕಾದಿದ್ದಳು, ಬೆಳಿಗ್ಗೆಯೇ ಚಾಪೆ ಹಾಸಿ ಇಟ್ಟುಕೊಂಡಿದ್ದಳು. ಅವಳು ಚಾಪೆಯನ್ನು ನನ್ನ ಕಡೆಗೆ ತಳ್ಳಿ, "ಇರ್ಲಿ, ಇವತ್ತೂ ನೀವೇ ತಗೊಳ್ಳಿ" ಎಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೋಗಿ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು ನಿಂತಳು.